ಅವನು ಅದೇ ಗ್ರಿಫಿನ್

ಲೀ ವನೆಲ್ ಬರೆದು ನಿರ್ದೇಶಿಸಿದ ‘ದಿ ಇನ್‌ವಿಸಿಬಲ್ ಮ್ಯಾನ್’ 2020ರ ಫೆಬ್ರವರಿ ಕೊನೆಯಲ್ಲಿ ತೆರೆಗೆ ಬಂತು. ಅಂದಿನಿಂದ ಅದರ ಮೇಲೆ ಕೆಲವು ಆಕ್ಷೇಪಗಳು ಮತ್ತೆ ಮತ್ತೆ ಕೇಳಿಬರುತ್ತಿವೆ. ಇದು ಎಚ್.ಜಿ. ವೆಲ್ಸ್‌ನ ಕಾದಂಬರಿಗೆ ಬಗೆದ ದ್ರೋಹ ಎನ್ನುತ್ತಾರೆ ಕೆಲವರು. ವಿಜ್ಞಾನ ಹೆಸರಿಗಷ್ಟೇ ಇದೆ, ಭಯಕ್ಕಿಂತ ಉಪದೇಶವೇ ಜಾಸ್ತಿ, ಕಥೆಯ ತುಂಬ ತೂತು, ಕೊನೆಯಂತೂ ಅನ್ಯಾಯ ಎಂದು ಉಳಿದವರು ಪಟ್ಟಿ ಬೆಳೆಸುತ್ತಾರೆ. ಹೀಗೆ ಹೇಳುವವರಲ್ಲಿ ವೆಲ್ಸ್‌ನನ್ನು ಪ್ರೀತಿಯಿಂದ ಓದಿಕೊಂಡವರಿದ್ದಾರೆ, ಹಳೆಯ ಭಯಾನಕ ಚಿತ್ರಗಳನ್ನು ಅರೆದು ಕುಡಿದವರಿದ್ದಾರೆ. ಅಂಥವರ ಮಾತನ್ನು ತಳ್ಳಿಹಾಕಬಾರದು, ಎದುರಿಸಬೇಕು. ನನ್ನ ನಿಲುವು ಇಷ್ಟು: ವೆಲ್ಸ್ ತನ್ನ ಪುಸ್ತಕದ ನಡುವೆ ಒಂದೆರಡು ಪುಟ ತೋರಿಸಿ ಕೈಬಿಟ್ಟ ಭಯವೊಂದನ್ನು ವನೆಲ್ ಎತ್ತಿಕೊಂಡು ಎರಡು ಗಂಟೆ ನಮ್ಮ ಮುಂದೆ ಹಿಡಿದಿದ್ದಾರೆ. ಇದು ಮೂಲಕ್ಕೆ ಮಾಡಿದ ಸೇವೆ.

ಕಥೆಯನ್ನು ಕೊನೆಯವರೆಗೂ ಬಿಚ್ಚದೆ ಈ ವಾದ ಮಾಡಲಾಗದು. ಇನ್ನೂ ನೋಡಿಲ್ಲದವರು ನೋಡಿಬಂದು ಓದುವುದು ಒಳ್ಳೆಯದು. ಏಡ್ರಿಯನ್ ಗ್ರಿಫಿನ್ ಬೆಳಕಿನ ವಿಜ್ಞಾನದಲ್ಲಿ ಹೆಸರು, ಹಣ ಎರಡನ್ನೂ ಮಾಡಿದವನು. ಸಮುದ್ರದ ದಂಡೆಯ ಮೇಲೆ ಅವನ ಗಾಜಿನ ಮನೆ. ಜೊತೆಗಿದ್ದ ಸಿಸಿಲಿಯಾ ಒಂದು ನಡುರಾತ್ರಿ ಅವನಿಗೆ ನಿದ್ದೆಯ ಔಷಧಿ ಕೊಟ್ಟು, ಸದ್ದಾಗದಂತೆ ಮನೆಬಿಟ್ಟು ಓಡಿ, ಪೊಲೀಸ್ ಗೆಳೆಯ ಜೇಮ್ಸ್‌ನ ಮನೆ ಸೇರುತ್ತಾಳೆ. ಎರಡು ವಾರದಲ್ಲಿ ಏಡ್ರಿಯನ್ ಆತ್ಮಹತ್ಯೆ ಮಾಡಿಕೊಂಡನೆಂಬ ಸುದ್ದಿ. ಅವಳ ಹೆಸರಿಗೆ 50 ಲಕ್ಷ ಡಾಲರ್ ಬಿಟ್ಟುಹೋಗಿದ್ದಾನೆ. ಷರತ್ತು: ಅವಳ ಮೇಲೆ ಅಪರಾಧದ ಆರೋಪ ಬರಬಾರದು, ಬುದ್ಧಿ ನೆಟ್ಟಗಿರಬೇಕು. ಆಮೇಲೆ ಒಲೆಯ ಉರಿ ತಾನಾಗಿ ಏಳುತ್ತದೆ. ರಾತ್ರಿ ಹೊದಿಕೆ ಮೈಮೇಲಿಂದ ಸರಿಯುತ್ತದೆ. ಸೋದರಿ ಎಮಿಲಿಗೆ ಅವಳದೇ ವಿಳಾಸದಿಂದ ವಿಷದಂಥ ಇಮೇಲ್ ಹೋಗುತ್ತದೆ. ಅವನು ಸತ್ತಿಲ್ಲ, ಇಲ್ಲೇ ಇದ್ದಾನೆ ಎಂದು ಅವಳು ಹೇಳಿದಷ್ಟೂ ಅವಳ ತಲೆ ಕೆಟ್ಟಿದೆ ಎಂಬುದು ಉಳಿದವರಿಗೆ ಗಟ್ಟಿಯಾಗುತ್ತದೆ.

ಮೊದಲ ಆಕ್ಷೇಪವೇ ದೊಡ್ಡದು. ವೆಲ್ಸ್‌ನ ಗ್ರಿಫಿನ್ ಬಡವ, ಪ್ರತಿಭಾವಂತ, ಒಂಟಿ. ತನ್ನ ಶೋಧನೆಗೆ ತಾನೇ ಬಲಿಯಾದವನು. ಅಂಥ ದುರಂತ ಪಾತ್ರವನ್ನು ಹೆಣ್ಣನ್ನು ಹಿಂಸಿಸುವ ಒಬ್ಬ ಶ್ರೀಮಂತನ ಮಟ್ಟಕ್ಕೆ ಇಳಿಸಿ, ಕಥೆಯ ನಡುವಿನಿಂದಲೇ ಹೊರಹಾಕಿದರು ಎಂಬುದು ದೂರು.

ಈ ದೂರು ಹೇಳುವವರ ಮನಸ್ಸಿನಲ್ಲಿರುವ ಗ್ರಿಫಿನ್ 1897ರ ಪುಸ್ತಕದವನಲ್ಲ, 1933ರ ಚಿತ್ರದವನು ಎಂದು ನನ್ನ ಅನುಮಾನ. ಜೇಮ್ಸ್ ವೇಲ್ ನಿರ್ದೇಶಿಸಿದ, ಕ್ಲಾಡ್ ರೇನ್ಸ್ ನಟಿಸಿದ ಆ ಚಿತ್ರದಲ್ಲಿ ಗ್ರಿಫಿನ್‌ಗೆ ಫ್ಲೋರಾ ಎಂಬ ಪ್ರೇಯಸಿ ಇದ್ದಾಳೆ. ಪುಸ್ತಕದಲ್ಲಿ ಅವಳ ಸುಳಿವೇ ಇಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ಮೊನೊಕೇನ್ ಎಂಬ ಮದ್ದು. ಅದು ಮನುಷ್ಯನನ್ನು ಹುಚ್ಚನನ್ನಾಗಿ ಮಾಡುತ್ತದೆ ಎಂದು ಆ ಚಿತ್ರವೇ ಹೇಳಿಬಿಟ್ಟಿತು. ಹಾಗೆ ಹೇಳಿದ್ದರಿಂದ ಅವನ ಕೊಲೆಗಳಿಗೆಲ್ಲ ಮದ್ದು ಹೊಣೆಯಾಯಿತು, ಅವನು ಕನಿಕರಕ್ಕೆ ಪಾತ್ರನಾದ. ವೆಲ್ಸ್ ಅಂಥ ರಿಯಾಯಿತಿ ಕೊಟ್ಟಿರಲಿಲ್ಲ. ಅವನ ಗ್ರಿಫಿನ್ ಅದೃಶ್ಯನಾಗುವ ಮೊದಲೇ, ಪ್ರಯೋಗದ ಖರ್ಚಿಗಾಗಿ ಹೆತ್ತ ತಂದೆಯ ಬಳಿಯಿಂದ ಹಣ ಕದಿಯುತ್ತಾನೆ. ಆ ಹಣ ತಂದೆಯದೂ ಆಗಿರಲಿಲ್ಲ. ತಂದೆ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಮಗ ಮಣ್ಣಿಗೆ ಹೋಗಿ ಬರುತ್ತಾನೆ, ಎದೆಯಲ್ಲಿ ಏನೂ ಕದಲುವುದಿಲ್ಲ. ಬಾಡಿಗೆ ಮನೆ ಬಿಡುವಾಗ ಕುರುಹು ಅಳಿಸಲು ಅದಕ್ಕೆ ಬೆಂಕಿ ಇಟ್ಟು ಹೋಗುತ್ತಾನೆ. ಇದನ್ನೆಲ್ಲ ಅವನೇ ಡಾಕ್ಟರ್ ಕೆಂಪ್ ಮುಂದೆ ಕುಳಿತು, ಬೆಳಿಗ್ಗೆ ಏನು ತಿಂದೆ ಎಂದು ಹೇಳುವಷ್ಟು ಸಲೀಸಾಗಿ ಹೇಳುತ್ತಾನೆ. ಅದೃಶ್ಯತೆ ಅವನನ್ನು ಕೆಡಿಸಲಿಲ್ಲ. ಕೆಟ್ಟವನ ಕೈಗೆ ಅದೃಶ್ಯತೆ ಸಿಕ್ಕಿತು.

ವನೆಲ್ ಮದ್ದನ್ನು ತೆಗೆದುಹಾಕಿದರು. ಅದೃಶ್ಯನಾಗಲು ಏಡ್ರಿಯನ್ ತೊಡುವುದು ಒಂದು ಉಡುಪು, ಕಳಚಿಟ್ಟರೂ ಅವನು ಅವನೇ. ಅಪರಾಧದ ಹೊಣೆ ಮತ್ತೆ ಮನುಷ್ಯನ ಹೆಗಲಿಗೆ ಬಂತು. ಈ ಒಂದು ವಿಷಯದಲ್ಲಿ 2020ರ ಚಿತ್ರ ಕಾದಂಬರಿಗೆ 1933ರ ಚಿತ್ರಕ್ಕಿಂತ ಹತ್ತಿರ.

ಇನ್ನು ಕಥೆಯ ನಡುವೆ ಯಾರಿರಬೇಕು ಎಂಬ ಪ್ರಶ್ನೆ. ಕಾದಂಬರಿಯ ಹದಿನಾಲ್ಕನೇ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕೆಂದು ಆಕ್ಷೇಪಿಸುವವರನ್ನು ಕೇಳಿಕೊಳ್ಳುತ್ತೇನೆ. ಥಾಮಸ್ ಮಾರ್ವೆಲ್ ಊರೂರು ಅಲೆಯುವ ಗತಿಯಿಲ್ಲದವನು. ಗ್ರಿಫಿನ್ ಅವನನ್ನು ಹಿಡಿದು, ಹೆದರಿಸಿ, ತನ್ನ ಪುಸ್ತಕಗಳನ್ನೂ ಕದ್ದ ಹಣವನ್ನೂ ಹೊರಿಸಿದ್ದಾನೆ. ಪೋರ್ಟ್ ಸ್ಟೋ ಎಂಬಲ್ಲಿ ಒಂದು ಬೆಂಚಿನ ಮೇಲೆ ಮಾರ್ವೆಲ್ ಕುಳಿತಿದ್ದಾನೆ. ಪಕ್ಕದಲ್ಲಿ ಒಬ್ಬ ನಾವಿಕ, ಅವನ ಕೈಯಲ್ಲಿ ಅದೃಶ್ಯ ಮನುಷ್ಯನ ಸುದ್ದಿ ಇರುವ ಪತ್ರಿಕೆ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಾರ್ವೆಲ್ ಬಾಯಿ ತೆರೆಯುತ್ತಾನೆ, ನನಗೆ ಅವನ ವಿಷಯ ಒಂದಿಷ್ಟು ಗೊತ್ತು ಎಂದು ಶುರುಮಾಡುತ್ತಾನೆ. ಅಷ್ಟರಲ್ಲಿ ನೋವಿನಿಂದ ಅವನ ಮುಖ ತಿರುಚಿಕೊಳ್ಳುತ್ತದೆ. ಹಲ್ಲುನೋವು ಎನ್ನುತ್ತಾನೆ. ಆಮೇಲೆ, ಆ ಸುದ್ದಿಯೆಲ್ಲ ಬರೀ ಸುಳ್ಳು ಎನ್ನುತ್ತಾನೆ. ತನ್ನ ಮೇಲೆ ಹೊರೆ ಹೊರಿಸಿರುವವನು ಇಲ್ಲವೇ ಇಲ್ಲವೆಂದು ಸಾಕ್ಷಿ ಹೇಳಿ, ಕಾಣದ ಕೈಯ ಎಳೆತಕ್ಕೆ ಎಡವುತ್ತ ಎದ್ದು ನಡೆಯುತ್ತಾನೆ. ನಾವಿಕನಿಗೆ ಸಿಟ್ಟು ಬರುತ್ತದೆ, ಇವನು ತನ್ನನ್ನು ಮೂರ್ಖನನ್ನಾಗಿ ಮಾಡಿದನೆಂದು.

ಸಿಸಿಲಿಯಾಳ ಇಡೀ ಕಥೆ ಈ ಬೆಂಚಿನ ಮೇಲೆ ಕುಳಿತಿದೆ. ಹಿಂಸಿಸುವವನು ಪಕ್ಕದಲ್ಲೇ ನಿಂತಿರುವಾಗ ಹಿಂಸೆಗೊಳಗಾದವನು ಏನು ಹೇಳಿದರೂ ಸುಳ್ಳುಗಾರನಾಗುವುದನ್ನು ವೆಲ್ಸ್ ಕಂಡಿದ್ದ, ಬರೆದ, ಮುಂದೆ ಹೋದ. ಅವನಿಗೆ ಮಾರ್ವೆಲ್ ನಗೆಪಾತ್ರ. ಮಾರ್ವೆಲ್‌ನ ಜಾಗದಲ್ಲಿ ನಿಂತು ಕಥೆ ಹೇಳಿದರೆ ಏನಾಗುತ್ತದೆಂದು ವನೆಲ್ ಕೇಳಿದರು. ಮುಂದೆ ಮಾರ್ವೆಲ್ ತಪ್ಪಿಸಿಕೊಂಡು, ತಾನೇ ಬೇಡಿಕೊಂಡು ಪೊಲೀಸ್ ಠಾಣೆಯ ಗಟ್ಟಿ ಕೋಣೆಯಲ್ಲಿ ಬೀಗ ಹಾಕಿಸಿಕೊಳ್ಳುತ್ತಾನೆ. ಅಲ್ಲಿ ಅವನಿಗೆ ರಕ್ಷಣೆ ಸಿಗುತ್ತದೆ. ಸಿಸಿಲಿಯಾಳನ್ನೂ ಬೀಗ ಹಾಕಿ ಇಡುತ್ತಾರೆ, ಮಾನಸಿಕ ಆಸ್ಪತ್ರೆಯಲ್ಲಿ. ಹಿಂಸಿಸುವವನು ಆ ಬೀಗದ ಒಳಗೇ ಇದ್ದಾನೆ.

ಕಾಣದವನ ಕಥೆಯನ್ನು ಪೆಟ್ಟು ತಿನ್ನುವವರ ಕಡೆಯಿಂದ ಹೇಳುವುದು ಹೊಸ ಕಾಲದ ಚಪಲವೆಂದು ತಿಳಿಯುವವರು ನಮ್ಮ ಯುದ್ಧಕಾಂಡವನ್ನು ನೆನೆಯಲಿ. ಇಂದ್ರಜಿತು ಮಾಯೆಯಲ್ಲಿ ಮರೆಯಾಗಿ ಬಾಣ ಬಿಡುವ ಭಾಗದಲ್ಲಿ ನಮ್ಮ ಮನಸ್ಸು ಅವನ ಜೊತೆ ಮುಗಿಲಲ್ಲಿ ಇರುವುದಿಲ್ಲ. ಎತ್ತಲಿಂದ ಬಂತೆಂದು ತಿಳಿಯದೆ ಆಕಾಶ ನೋಡುವ ವಾನರರ ಜೊತೆ, ನೆಲಕ್ಕೊರಗಿದ ರಾಮಲಕ್ಷ್ಮಣರ ಜೊತೆ ಇರುತ್ತದೆ. ಪ್ಲೇಟೊನ ‘ರಿಪಬ್ಲಿಕ್’ನ ಎರಡನೇ ಭಾಗದಲ್ಲಿ ಬರುವ ಗೈಜಿಸ್‌ನ ಉಂಗುರದ ಕಥೆ ಇನ್ನೊಂದು ದಾರಿ ಹಿಡಿಯಿತು. ಕಾಣದಂತೆ ಮಾಡುವ ಉಂಗುರ ಸಿಕ್ಕ ಕುರುಬ ಅರಮನೆ ಹೊಕ್ಕು, ರಾಣಿಯನ್ನು ತನ್ನವಳನ್ನಾಗಿ ಮಾಡಿಕೊಂಡು, ರಾಜನನ್ನು ಕೊಂದು, ಸಿಂಹಾಸನ ಏರುತ್ತಾನೆ. ಶಿಕ್ಷೆಯ ಭಯ ಇಲ್ಲದಿದ್ದರೆ ಮನುಷ್ಯ ನ್ಯಾಯವಂತನಾಗಿ ಉಳಿಯುವನೇ ಎಂಬುದು ಅಲ್ಲಿನ ಪ್ರಶ್ನೆ. ಪ್ರಶ್ನೆ ದೊಡ್ಡದೇ. ಆದರೆ ಆ ರಾಣಿ ಏನು ಕಂಡಳು, ಯಾರಿಗೆ ಹೇಳಿದಳು ಎಂದು ಯಾರೂ ಕೇಳಲಿಲ್ಲ. ಈ ಚಿತ್ರ ಕೇಳಿತು.

ಏಡ್ರಿಯನ್‌ಗೆ ವ್ಯಕ್ತಿತ್ವವೇ ಇಲ್ಲ, ಅವನು ಯಾಕೆ ಹೀಗಾದನೆಂದು ತಿಳಿಯುವುದಿಲ್ಲ ಎಂಬ ಮಾತು ಇದರ ಬಾಲದಂತೆ ಬರುತ್ತದೆ. ನಟ ಆಲಿವರ್ ಜಾಕ್ಸನ್ ಕೋಹೆನ್ ಅವರ ಮುಖ ಮೊದಲ ಹತ್ತು ನಿಮಿಷದಲ್ಲಿ ಸರಿಯಾಗಿ ಕಾಣುವುದಿಲ್ಲ, ಆಮೇಲೆ ಕೊನೆಯವರೆಗೂ ಇಲ್ಲ ಎನ್ನುವುದು ನಿಜ. ಅದು ಬೇಕೆಂದೇ ಮಾಡಿದ್ದು, ಸರಿಯಾಗಿಯೇ ಮಾಡಿದ್ದು. ಅವನ ಬಾಲ್ಯ, ನೋವು, ಒಂಟಿತನವನ್ನು ಹಿನ್ನೋಟದಲ್ಲಿ ತೋರಿಸಿದ್ದರೆ ನಾವು ಅವನನ್ನು ಅರ್ಥಮಾಡಿಕೊಳ್ಳುವ ಕೆಲಸಕ್ಕೆ ಕೂರುತ್ತಿದ್ದೆವು, ಅಡುಗೆಮನೆಯಲ್ಲಿ ನಡುಗುತ್ತಿರುವವಳು ಮತ್ತೆ ಹಿಂದಕ್ಕೆ ಸರಿಯುತ್ತಿದ್ದಳು. ತಾನು ಏನು ಉಡಬೇಕು, ಏನು ತಿನ್ನಬೇಕು, ಯಾವಾಗ ಹೊರಗೆ ಹೋಗಬೇಕು, ಕೊನೆಗೆ ಏನು ಯೋಚಿಸಬೇಕು ಎಂಬುದನ್ನೆಲ್ಲ ಅವನು ನಿಯಂತ್ರಿಸುತ್ತಿದ್ದ ಎಂದು ಸಿಸಿಲಿಯಾ ಒಮ್ಮೆ ಹೇಳುತ್ತಾಳೆ. ನಮಗೆ ಸಿಗುವುದು ಅಷ್ಟೇ. ಅವಳಾಗಿ ನಟಿಸಿದ ಎಲಿಸಬೆತ್ ಮಾಸ್ ಅವರ ಮುಖದಲ್ಲಿ ಉಳಿದದ್ದನ್ನೆಲ್ಲ ಓದಬಹುದು. ಬಾಗಿಲ ಹೊರಗೆ ಪತ್ರದ ಡಬ್ಬಿಯವರೆಗೆ ನಡೆಯಲೂ ಆಗದೆ ನಿಲ್ಲುವ ಹೆಂಗಸನ್ನು ನೋಡಿದ ಮೇಲೆ ಅವನ ಚರಿತ್ರೆ ಬೇರೆ ಬೇಕೇ?

ವಿಜ್ಞಾನದ ಆಕ್ಷೇಪಕ್ಕೆ ಬರೋಣ. ಮೈತುಂಬ ಕ್ಯಾಮೆರಾ ಇರುವ ಉಡುಪು ತೊಟ್ಟರೆ ಮನುಷ್ಯ ಮಾಯವಾಗುವನೇ, ಇದು ವಿಜ್ಞಾನದ ಕಥೆಯೋ ಮಂತ್ರದ ಕಥೆಯೋ ಎಂದು ಕೇಳುತ್ತಾರೆ. ವೆಲ್ಸ್‌ನ ಕಾಲದಲ್ಲಿ ಬೆಳಕಿನ ವಿಜ್ಞಾನ ಹೊಸದಾಗಿ ಕಂಡಿದ್ದೇನು? ರಾಂಟ್‌ಜನ್ ಎಕ್ಸ್‌-ಕಿರಣ ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಮಾಂಸದ ಒಳಗಿನ ಮೂಳೆ ಕಂಡಿತೆಂದು ಜಗತ್ತೇ ಬೆರಗಾಗಿತ್ತು. ಎರಡೇ ವರ್ಷಕ್ಕೆ ವೆಲ್ಸ್‌ನ ಪುಸ್ತಕ ಬಂತು. ದೇಹದ ವಕ್ರೀಭವನ ಸೂಚ್ಯಂಕವನ್ನು ಗಾಳಿಯದಕ್ಕೆ ಸಮ ಮಾಡಿದರೆ, ರಕ್ತದ ಬಣ್ಣ ತೆಗೆದರೆ, ಬೆಳಕು ಬಾಗದೆ ಹೀರಿಕೊಳ್ಳದೆ ಹಾದುಹೋಗುತ್ತದೆ ಎಂದು ಅವನ ಗ್ರಿಫಿನ್ ಲೆಕ್ಕ ಹಾಕುತ್ತಾನೆ. ತರ್ಕ ಚೆನ್ನಾಗಿದೆ. ಆದರೆ ಅದರಲ್ಲೊಂದು ದೊಡ್ಡ ಬಿರುಕಿದೆ, ಅದನ್ನು ರಷ್ಯಾದ ಯಾಕೊವ್ ಪೆರೆಲ್ಮನ್ ತನ್ನ ಜನಪ್ರಿಯ ಭೌತವಿಜ್ಞಾನದ ಪುಸ್ತಕದಲ್ಲಿ ತೋರಿಸಿದ: ಕಣ್ಣಿನ ಹಿಂಪರದೆ ಬೆಳಕನ್ನು ಹೀರಿಕೊಂಡರೆ ಮಾತ್ರ ನೋಟ. ಎಲ್ಲವೂ ಪಾರದರ್ಶಕವಾದವನು ಕುರುಡನಾಗಿರುತ್ತಾನೆ. ವೆಲ್ಸ್‌ಗೂ ಇದರ ಅಳುಕು ಇತ್ತೆಂದು ಕಾಣುತ್ತದೆ. ಮೊದಲು ಪ್ರಯೋಗಿಸಿದ ಬೆಕ್ಕಿನ ಮೈಯೆಲ್ಲ ಮಾಯವಾದರೂ ಕಣ್ಣಿನ ಹಿಂಭಾಗ ಹೊಳೆಯುತ್ತ ಉಳಿಯುತ್ತದೆ ಎಂದು ಬರೆದಿದ್ದಾನೆ.

ಉಡುಪಿನ ಉಪಾಯದಲ್ಲಿ ಈ ತೊಡಕಿಲ್ಲ, ಒಳಗಿರುವವನು ಕ್ಯಾಮೆರಾ ಮೂಲಕ ನೋಡಬಹುದು. ಟೋಕಿಯೊ ವಿಶ್ವವಿದ್ಯಾಲಯದ ಸುಸುಮು ತಾಚಿ ಅವರ ತಂಡ 2003ರಲ್ಲೇ, ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಬಟ್ಟೆಯ ಮೇಲೆ ಹಿನ್ನೆಲೆಯ ದೃಶ್ಯವನ್ನು ಬಿಟ್ಟು, ಅದನ್ನು ತೊಟ್ಟವನ ಮೂಲಕ ರಸ್ತೆಯೇ ಕಂಡಂತೆ ತೋರಿಸಿತ್ತು. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಜಾನ್ ಪೆಂಡ್ರಿ ಅವರ ಸಿದ್ಧಾಂತ ಹಿಡಿದು, ಒಂದು ತಾಮ್ರದ ಉರುಳೆಯ ಸುತ್ತ ಮೈಕ್ರೊವೇವ್ ಅಲೆಗಳು ಬಳಸಿ ಹೋಗುವಂತೆ ಮಾಡಿದರು. ಒಂದು ಕೋಣೆಯಲ್ಲಿ ಹತ್ತು ಕಡೆಯಿಂದ ನೋಡುವ ಹತ್ತು ಜನರಿಗೂ ಒಟ್ಟಿಗೆ ಮಾಯವಾಗುವುದು ಇವೆರಡರಿಂದಲೂ ಆಗದ ಮಾತು. ಅಷ್ಟು ಸ್ವಾತಂತ್ರ್ಯವನ್ನು ಚಿತ್ರ ತೆಗೆದುಕೊಂಡಿದೆ, ವೆಲ್ಸ್ ತೆಗೆದುಕೊಂಡದ್ದಕ್ಕಿಂತ ಹೆಚ್ಚೇನಲ್ಲ. ತನ್ನ ಕಾಲದ ಹೊಸ ಬೆಳಕನ್ನು ಹಿಡಿದು ಒಂದೇ ಒಂದು ಹೆಜ್ಜೆ ಮುಂದೆ ನೆಗೆಯುವುದು ಅವನ ವಿಧಾನ. ನಮ್ಮ ಕಾಲದ ಹೊಸತು ಕ್ಯಾಮೆರಾ. ಯಾರು ಬೇಕಾದರೂ ಯಾರನ್ನು ಬೇಕಾದರೂ ಎಲ್ಲಿ ಬೇಕಾದರೂ ನೋಡಬಹುದಾದ ಕಾಲದಲ್ಲಿ, ಸಾವಿರ ಕಣ್ಣುಗಳಿಂದ ನೋಡುತ್ತ ತಾನು ಮಾತ್ರ ಕಾಣದ ಮನುಷ್ಯನಿಗಿಂತ ನಿಖರವಾದ ಭೂತವನ್ನು ನಾನಂತೂ ಊಹಿಸಲಾರೆ.

ಇದು ಭಯಾನಕ ಚಿತ್ರದ ವೇಷದ ಉಪನ್ಯಾಸ, ಗಂಡಸರೆಲ್ಲ ಕೆಟ್ಟವರೆಂದು ಸಾರುತ್ತದೆ ಎನ್ನುವವರು ಜೇಮ್ಸ್‌ನನ್ನು ಮರೆತಿದ್ದಾರೆ. ಆಲ್ಡಿಸ್ ಹಾಜ್ ನಟಿಸಿದ ಜೇಮ್ಸ್ ಪೊಲೀಸ್, ಒಂಟಿ ತಂದೆ, ಮೃದು ಮನಸ್ಸಿನವನು. ಅವಳಿಗೆ ಮನೆ ಕೊಟ್ಟವನು. ಚಿತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ ಭಾಗ ಅವನದೇ. ಯಾರೂ ಕಾಣದಿರುವಾಗ ಅವನ ಮಗಳ ಮುಖಕ್ಕೆ ಪೆಟ್ಟು ಬೀಳುತ್ತದೆ. ಕೋಣೆಯಲ್ಲಿ ಇದ್ದವಳು ಸಿಸಿಲಿಯಾ ಒಬ್ಬಳೇ. ಆ ಜಾಗದಲ್ಲಿ ಯಾವ ತಂದೆಯಾದರೂ ಮಾಡುವುದನ್ನೇ ಅವನು ಮಾಡುತ್ತಾನೆ, ಮಗಳನ್ನು ಕರೆದುಕೊಂಡು ಹೊರಟುಬಿಡುತ್ತಾನೆ. ಅವನ ತಪ್ಪೇನೂ ಇಲ್ಲ. ಒಳ್ಳೆಯವನ ಕಣ್ಣು, ಒಳ್ಳೆಯವನ ಬುದ್ಧಿ ಕೂಡ ಹಿಂಸಿಸುವವನ ಆಯುಧವಾಗುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಭಯಾನಕ ಚಿತ್ರ ನನಗೆ ತಿಳಿದಂತೆ ಬೇರೊಂದಿಲ್ಲ. ಇದರಲ್ಲಿ ಉಪನ್ಯಾಸ ಎಲ್ಲಿದೆ? ಯಾರೂ ಭಾಷಣ ಮಾಡುವುದಿಲ್ಲ. ಅವಳು ಹಿಂದೆ ತಿಂದ ಪೆಟ್ಟಿನ ಒಂದು ಹಿನ್ನೋಟವೂ ಇಲ್ಲ.

ಇರುವುದು ಖಾಲಿ ಜಾಗ. ಛಾಯಾಗ್ರಾಹಕ ಸ್ಟೀಫನ್ ಡಸಿಯೊ ಅವಳನ್ನು ಚೌಕಟ್ಟಿನ ಒಂದು ಬದಿಗೆ ಕೂರಿಸಿ ಉಳಿದ ಮುಕ್ಕಾಲು ಭಾಗವನ್ನು ಬರಿದಾಗಿ ಬಿಡುತ್ತಾರೆ. ಕ್ಯಾಮೆರಾ ಅವಳನ್ನು ಬಿಟ್ಟು ನಿಧಾನಕ್ಕೆ ತಿರುಗಿ ಏನೂ ಇಲ್ಲದ ಮೂಲೆಯನ್ನು ನೋಡುತ್ತ ನಿಲ್ಲುತ್ತದೆ. ಕುರ್ಚಿ, ಬಾಗಿಲು, ಗೋಡೆ. ಅಲ್ಲಿ ಯಾರಾದರೂ ಇದ್ದಾರೆಯೇ? ಉತ್ತರ ಸಿಗುವ ಮೊದಲೇ ಕ್ಯಾಮೆರಾ ವಾಪಸು ಬರುತ್ತದೆ. ಅರ್ಧ ಗಂಟೆ ಹೀಗೆ ಕಳೆದ ಮೇಲೆ ನಾವೂ ಖಾಲಿ ಮೂಲೆಗಳನ್ನು ಹುಡುಕತೊಡಗುತ್ತೇವೆ, ಅಂದರೆ ಅವಳಂತೆಯೇ ಬದುಕತೊಡಗುತ್ತೇವೆ. ರಾತ್ರಿ ಚಳಿಯಲ್ಲಿ ಅವಳು ಮನೆಯ ಹೊರಗೆ ನಿಂತಾಗ ಅವಳ ಬೆನ್ನ ಹಿಂದೆ ಇನ್ನೊಬ್ಬರ ಉಸಿರಿನ ಹಬೆ ಕಾಣಿಸುತ್ತದೆ. ಹೊದಿಕೆಯನ್ನು ಎಳೆದಾಗ ಅದರ ಮೇಲೆ ಒತ್ತಿ ನಿಂತ ಪಾದದ ಗುರುತು ಮೂಡುತ್ತದೆ. ಮಂಜು, ಮಳೆ, ಲಂಡನ್ ಬೀದಿಯಲ್ಲಿ ಹುಡುಗರ ಕಣ್ಣಿಗೆ ಬಿದ್ದ ಕೆಸರಿನ ಹೆಜ್ಜೆ ಇವುಗಳಿಂದ ವೆಲ್ಸ್ ಕಟ್ಟಿದ ಭಯದ ನೇರ ಸಂತಾನ ಇವು. ರೇನ್ಸ್ ಚಿತ್ರದಲ್ಲಿ ಜಾನ್ ಫುಲ್ಟನ್ ಕಪ್ಪು ವೆಲ್ವೆಟ್ ಹೊದಿಸಿ ಮಾಡಿದ ಚಮತ್ಕಾರವನ್ನು ನೋಡಿ ನಾವು ಬೆರಗಾಗುತ್ತೇವೆ. ಇಲ್ಲಿ ಏನೂ ಮಾಡದೆ ಬಿಟ್ಟ ಗೋಡೆಯನ್ನು ನೋಡಿ ಹೆದರುತ್ತೇವೆ. ಸುಮಾರು 70 ಲಕ್ಷ ಡಾಲರ್‌ನ ಚಿತ್ರ ಇದು, ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಹಣ.

ವಿಷಯವೇ ಪ್ರಚಾರದ್ದು ಎನ್ನುವುದಾದರೆ, 1944ರ ‘ಗ್ಯಾಸ್‌ಲೈಟ್’ನಲ್ಲಿ ಗಂಡ ಹೆಂಡತಿಗೆ ಹುಚ್ಚು ಹಿಡಿದಿದೆ ಎಂದು ಅವಳನ್ನೇ ನಂಬಿಸುತ್ತಾನೆ. ಇಂಗ್ರಿಡ್ ಬರ್ಗ್‌ಮನ್ ಅದಕ್ಕೆ ಆಸ್ಕರ್ ಪಡೆದರು, ಅದನ್ನು ಎಲ್ಲರೂ ಕ್ಲಾಸಿಕ್ ಎನ್ನುತ್ತಾರೆ. ಅಂದಿನಿಂದ ಇಂದಿಗೆ ಬದಲಾದದ್ದು ಕಾನೂನು. ಮೈಮೇಲೆ ಗಾಯ ಕಾಣದ, ಆದರೆ ಬದುಕಿನ ಪ್ರತಿ ಗಳಿಗೆಯನ್ನೂ ಹಿಡಿದಿಡುವ ದಬ್ಬಾಳಿಕೆಯನ್ನು ಇಂಗ್ಲೆಂಡ್ 2015ರಲ್ಲಿ ಅಪರಾಧವೆಂದು ಬರೆದುಕೊಂಡಿತು. ಈ ಚಿತ್ರದ ಚಿತ್ರೀಕರಣ ನಡೆದ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಂಥ ಕಾನೂನು ಜಾರಿಯಾದದ್ದು 2024ರ ಜುಲೈನಲ್ಲಿ. ನಮ್ಮ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೂ ಮಾತಿನ, ಮನಸ್ಸಿನ, ಹಣಕಾಸಿನ ಹಿಂಸೆಯನ್ನು ಹೆಸರು ಹಿಡಿದು ಹೇಳುತ್ತದೆ. ಶಾಸನಸಭೆಗಳು ವರ್ಷಗಟ್ಟಲೆ ತಿಣುಕಿ ಬರೆದುಕೊಂಡ ಸಂಗತಿಯನ್ನು ಭಯಾನಕ ಚಿತ್ರವೊಂದು ಮುಟ್ಟಿದರೆ ಅದು ಹೇಗೆ ಅಪರಾಧವಾದೀತು?

ತೂತುಗಳ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಜನ ತುಂಬಿದ ಹೋಟೆಲಿನಲ್ಲಿ ಎಮಿಲಿಯ ಕುತ್ತಿಗೆ ಕೊಯ್ದು ಚಾಕು ಸಿಸಿಲಿಯಾಳ ಕೈಗೆ ಬರುವುದನ್ನು ಒಬ್ಬರೂ ಸರಿಯಾಗಿ ನೋಡಲಿಲ್ಲವೇ ಎಂಬ ಪ್ರಶ್ನೆಗೆ, ಕಣ್ಣಾರೆ ಕಂಡ ಸಾಕ್ಷಿಗಳು ಎಷ್ಟು ತಪ್ಪು ಹೇಳುತ್ತಾರೆಂದು ಯಾವ ವಕೀಲರನ್ನು ಕೇಳಿದರೂ ತಿಳಿಯುತ್ತದೆ. ಆಸ್ಪತ್ರೆಯ ಓಣಿಯಲ್ಲಿ ಕಾವಲುಗಾರರು ಒಬ್ಬರ ಮೇಲೊಬ್ಬರು ಬೀಳುವ ಭಾಗ ನನಗೂ ಹಿಡಿಸಲಿಲ್ಲ. ಅಲ್ಲಿ ಚಿತ್ರ ತನ್ನ ಮೌನವನ್ನು ಮರೆತು ಹೊಡೆದಾಟಕ್ಕೆ ಇಳಿಯುತ್ತದೆ. ಇದಕ್ಕಿಂತ ಗಂಭೀರವಾದ ಒಂದು ಕೊರತೆಯನ್ನು ವಿರೋಧಿಗಳು ಎತ್ತಿಯೇ ಇಲ್ಲ. ವೆಲ್ಸ್‌ನ ಪುಸ್ತಕದಲ್ಲಿ ಬಡತನ ಇದೆ. ಗ್ರಿಫಿನ್ ಬಾಡಿಗೆ ಕಟ್ಟಲಾಗದವನು, ಮಾರ್ವೆಲ್‌ಗೆ ಸರಿಯಾದ ಬೂಟು ಇಲ್ಲ. ಸಿಸಿಲಿಯಾ ವಾಸ್ತುಶಿಲ್ಪ ಓದಿದವಳು, ಆಶ್ರಯಕ್ಕೆ ಮನೆಯಿರುವ ಗೆಳೆಯ ಇದ್ದಾನೆ, ಕಾರಿನಲ್ಲಿ ಬಂದು ಎತ್ತಿಕೊಂಡುಹೋಗುವ ಸೋದರಿ ಇದ್ದಾಳೆ. ಇದ್ಯಾವುದೂ ಇಲ್ಲದವಳು ಆ ರಾತ್ರಿ ಗೋಡೆ ಹಾರಿ ಎಲ್ಲಿಗೆ ಓಡುತ್ತಿದ್ದಳು? ಚಿತ್ರ ಆ ಕಡೆ ನೋಡಲಿಲ್ಲ. ಮೂಲಕ್ಕೆ ನಿಷ್ಠೆಯ ಮಾತೆತ್ತುವವರು ಹಿಡಿಯಬೇಕಾದ ಎಳೆ ಇದಾಗಿತ್ತು.

ಉಳಿದದ್ದು ಕೊನೆ. ಏಡ್ರಿಯನ್ ಜೀವಂತವಾಗಿ ಸಿಗುತ್ತಾನೆ, ಸೋದರ ಟಾಮ್ ತನ್ನನ್ನು ಕಟ್ಟಿಹಾಕಿ ಇದನ್ನೆಲ್ಲ ಮಾಡಿದನೆಂದು ಹೇಳಿ ಶುದ್ಧನಾಗುತ್ತಾನೆ. ಸಿಸಿಲಿಯಾ ಮೈಯಲ್ಲಿ ಧ್ವನಿಯಂತ್ರ ಅಡಗಿಸಿಕೊಂಡು ಅವನ ಮನೆಗೆ ಊಟಕ್ಕೆ ಹೋಗುತ್ತಾಳೆ. ಹೊರಗೆ ಕಾರಿನಲ್ಲಿ ಜೇಮ್ಸ್ ಕೇಳಿಸಿಕೊಳ್ಳುತ್ತಿದ್ದಾನೆ. ತಪ್ಪೊಪ್ಪಿಕೊಳ್ಳೆಂದು ಅವಳು ಅಂಗಲಾಚುತ್ತಾಳೆ, ಅವನು ಒಪ್ಪುವುದಿಲ್ಲ, ಆದರೆ ಹಿಂದೆ ಅವಳ ಫೋನಿಗೆ ಬಂದಿದ್ದ ಒಂದು ಮಾತನ್ನು ಬೇಕೆಂದೇ ಬಾಯಲ್ಲಿ ಆಡುತ್ತಾನೆ. ಅವಳಿಗೆ ತಿಳಿಯಿತು, ಯಂತ್ರಕ್ಕೆ ತಿಳಿಯಲಿಲ್ಲ. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿ ಎದ್ದು ಅವನ ಕುತ್ತಿಗೆಯನ್ನೇ ಕೊಯ್ಯುತ್ತದೆ. ಮನೆಯ ಕ್ಯಾಮೆರಾದಲ್ಲಿ ದಾಖಲಾದದ್ದು ಒಂದು ಆತ್ಮಹತ್ಯೆ. ಅವಳೂ ಅವನಂತೆಯೇ ಆದಳು, ಕಾನೂನಿನ ದಾರಿ ಬಿಟ್ಟು ಕೊಲೆಯನ್ನು ಮೆಚ್ಚಿಕೊಳ್ಳಿ ಎನ್ನುತ್ತದೆ ಚಿತ್ರ ಎಂಬುದು ಆಕ್ಷೇಪ.

ಮೆಚ್ಚಿಕೊಳ್ಳಿ ಎಂದು ಚಿತ್ರ ಹೇಳುವುದಿಲ್ಲ. ಕೊಲ್ಲಲು ತೊಟ್ಟ ಉಡುಪು ಅವಳ ಚೀಲದಲ್ಲಿ ಉಳಿದಿದೆ, ಜೇಮ್ಸ್ ಅದನ್ನು ನೋಡುತ್ತಾನೆ, ಅವಳು ಅದನ್ನು ಬಿಟ್ಟುಹೋಗುವುದಿಲ್ಲ. ಆ ಚೀಲ ನನ್ನನ್ನು ಇಂದಿಗೂ ಕಾಡುತ್ತದೆ, ಕಾಡಲೆಂದೇ ಅದು ಅಲ್ಲಿದೆ. ಅವಳು ಕಾನೂನಿನ ದಾರಿಯನ್ನು ಬಿಡಲೂ ಇಲ್ಲ. ಗೆಳೆಯನಿಗೆ ಹೇಳಿದಳು, ಸೋದರಿಗೆ ಹೇಳಿದಳು, ವಕೀಲನಿಗೆ ಹೇಳಿದಳು, ವೈದ್ಯರಿಗೆ ಹೇಳಿದಳು, ಕೊನೆಗೆ ಧ್ವನಿಯಂತ್ರ ಕಟ್ಟಿಕೊಂಡು ಸಾಕ್ಷ್ಯ ತರಲು ಹೋದಳು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವನು ತನ್ನ ಮೇಲೆ ಪ್ರಯೋಗಿಸಿದ್ದನ್ನೇ ಅವನ ಮೇಲೆ ತಿರುಗಿಸಿದಳು.

ಇಷ್ಟಾಗಿಯೂ ಅದು ಕೊಲೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಗ್ರಿಫಿನ್‌ಗಳು ಹೇಗೆ ಸತ್ತರೆಂದು ನೆನಪಿಸಿಕೊಳ್ಳಿ. 1897ರಲ್ಲಿ ಒಬ್ಬ ಕೂಲಿಯ ಸಲಿಕೆ ಏಟು, ಆಮೇಲೆ ಮುಗಿಬಿದ್ದ ಗುಂಪಿನ ಹೊಡೆತ. ನೆಲದ ಮೇಲೆ ದೇಹ ಮೆಲ್ಲಗೆ ಕಾಣಿಸಿಕೊಂಡಿತು. 1933ರಲ್ಲಿ ಹಿಮದ ಮೇಲಿನ ಹೆಜ್ಜೆ ನೋಡಿ ಪೊಲೀಸರು ಗುಂಡು ಹಾರಿಸಿದರು. ಇಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಗುಂಪು ಹೊಡೆದು ಕೊಂದಾಗ, ಪೊಲೀಸರು ಗುಂಡಿಟ್ಟಾಗ ಅದು ಕಥೆಯ ಸಹಜ ಕೊನೆಯೆಂದು ಒಪ್ಪಿ ಪುಸ್ತಕ ಮುಚ್ಚಿದವರು, ಚಿತ್ರಮಂದಿರದಿಂದ ಎದ್ದು ಬಂದವರು, ಅದೇ ಗ್ರಿಫಿನ್ ತಾನು ಹಿಂಸಿಸಿದವಳ ಕೈಯಲ್ಲಿ ಸತ್ತಾಗ ಮಾತ್ರ ವಿಚಾರಣೆ ಎಲ್ಲಿ ಎಂದು ಕೇಳುತ್ತಾರೆ. ಈ ವ್ಯತ್ಯಾಸ ಯಾಕೆಂದು ಅವರೇ ಹೇಳಬೇಕು.